ವಿಜಾಪುರಕ್ಕೆ ಹೋಗದ ಶುಕ್ರವಾರ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಪವಾಡಗಳನ್ನು ನಾನು ನಂಬಿದವನಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಯಾರಾದರೂ ಇಂಥ ಕತೆ ತೆಗೆದರೆ, "ಆವಾಗ ಗಡಿಯಾರದಾಗ ಎಷ್ಟಾಗಿತ್ತರಿ? ನೀವು ಖರೇ ನೋಡಿದ್ರೋ, ಯಾರೋ ಹೇಳಿದ್ದು ಕೇಳಿದ್ರೋ?" ಎಂದು ಅಡ್ಡ ಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಚಟವಾಗಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ನನಗೂ ಅವೇ ಪ್ರಶ್ನೆ ಹಾಕಲಿ, ನನಗೆ ಬೇಸರವಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಬಾಡಿಗೆ ಮನೆ. ಅವ್ವ, ನಾನು, ನನ್ನ ಹೆಂಡತಿ ಸುಶೀಲಾ, ಮೂರೇ ಜನ. ಆ ವರ್ಷ ಮಳೆಗಾಲದಲ್ಲಿ ಸುಶೀಲೆಗೆ ಐದು ತಿಂಗಳಾಗಿದ್ದ ಬಸಿರು ನಿಲ್ಲಲಿಲ್ಲ. ಹಾಗಾದದ್ದು ಅದು ಎರಡನೆಯ ಸಲ. ಅಲ್ಲಿಂದ ಅವಳು ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಅಕ್ಕಿ ಆರಿಸಲು ಮೊರ ಹಿಡಿದು ಕೂತರೆ ಒಂದು ತಾಸಾದರೂ ಕೈ ಆಡುತ್ತಿರಲಿಲ್ಲ. ನಮ್ಮ ಡಾಕ್ಟರರು, "ಔಷಧ ಸಾಕರಿ ಮಾಸ್ತರ, ಎರಡು ದಿನ ಎಲ್ಲೆರೆ ತಿರುಗಾಡಿಸಿಕೊಂಡು ಬರ್ರಿ" ಎಂದರು. ಎಲ್ಲಿಗೆ ಹೋಗೋಣ ಎಂದು ಅವಳನ್ನೇ ಕೇಳಿದೆ.

"ಗೋಳಗುಮ್ಮಟ ನೋಡಿಲ್ಲರಿ ನಾ" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ತಾನಾಗಿ ಏನನ್ನಾದರೂ ಬಯಸಿದ್ದಳು. ನನ್ನ ಕಣ್ಣು ತುಂಬಿ ಬಂತು.

ನಾನು ಸ್ವಭಾವತಃ ಪುಕ್ಕಲ. ಸಂತೆಗೆ ಹೋಗುವುದಿದ್ದರೂ ಚೀಟಿ ಬರೆಯುವವನು. ಗೆರೆ ಹಾಕಿದ ಹಾಳೆಯಲ್ಲಿ ಎರಡು ದಿನದ ಯೋಜನೆ ಬರೆದೆ. ಗುರುವಾರ ಹುಬ್ಬಳ್ಳಿಯಿಂದ ಗದಗಿನ ಮೇಲೆ ಹಾಯ್ದು ಹೋಗುವ ರೈಲು. ಶುಕ್ರವಾರ ಬೆಳಿಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಅತ್ಯಾನ ಮನೆಯಲ್ಲಿ ಊಟ, ಸಂಜೆ ಇಬ್ರಾಹಿಂ ರೋಜಾ. ಶನಿವಾರ ಕೋಟೆಯ ಮೇಲಿನ ದೊಡ್ಡ ಫಿರಂಗಿ, ಪೇಟೆಯ ಖಾನಾವಳಿಯಲ್ಲಿ ಸಜ್ಜಿ ರೊಟ್ಟಿ, ಸಿಹಿಗೆ ಎಲ್ಲಿಯಾದರೂ ಒಳ್ಳೆಯ ಮಾದಲಿ ಸಿಕ್ಕರೆ ಅದು. ಅತ್ಯಾ ಎಂದರೆ ವಿಜಾಪುರದಲ್ಲಿದ್ದ ನನ್ನ ತಂದೆಯ ತಂಗಿ. ಸುಶೀಲೆಯನ್ನು ಅವಳು ನಮ್ಮ ಮದುವೆಯಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ. ಆದರೆ ಅವಳ ಕೈಯ ಬದನೆಕಾಯಿ ಪಲ್ಯದ ಹೊಗಳಿಕೆಯನ್ನು ಸುಶೀಲಾ ನನ್ನ ಬಾಯಿಂದ ಸಾಕುಸಾಕೆನಿಸುವಷ್ಟು ಕೇಳಿದ್ದಳು. ಹಾಳೆಯ ಅಂಚಿನಲ್ಲಿ ನನ್ನ ಅಂಜಿಕೆಗಳನ್ನೂ ಬರೆದಿದ್ದೆ: ಕುದಿಸಿದ ನೀರು ಒಯ್ಯುವುದು, ಗುಮ್ಮಟದ ಮೆಟ್ಟಿಲು ಹತ್ತುವ ವಿಚಾರ ಅವಳ ಮುಖ ನೋಡಿ.

ಅವ್ವ ಪಂಚಾಂಗ ನೋಡಿ, ಗುರುವಾರ ಪ್ರಯಾಣಕ್ಕೆ ಛಲೋ ಇಲ್ಲ ಎಂದಳು. ಸೋಮವಾರವೇ ಪ್ರಸ್ಥಾನ ಇಡಬೇಕೆಂದು ಹಟ ಹಿಡಿದಳು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕಿಂತ ಮುಂಚಿನ ಒಳ್ಳೆಯ ದಿನ ನೋಡಿ ಹೋಗುವವರ ಬಟ್ಟೆಯನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಪ್ರಯಾಣ ಆರಂಭವಾದಂತೆ. ಹೊರಡುವಾಗ ಅದನ್ನು ಎತ್ತಿಕೊಂಡು ಹೋಗಬೇಕೇ ಹೊರತು ನಡುವೆ ಮನೆಗೆ ತರುವಂತಿಲ್ಲ. ಈ ಪ್ರವಾಸಕ್ಕೆಂದೇ ಹುಬ್ಬಳ್ಳಿಯಲ್ಲಿ ಕೊಂಡಿದ್ದ ಸುಶೀಲೆಯ ಗಿಣಿಹಸಿರು ಇಳಕಲ್ ಸೀರೆ, ಒಂದು ಹಿಡಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು ಇಷ್ಟನ್ನು ಕಟ್ಟಿ ಅವ್ವ ಎದುರು ಮನೆಯ ಗೋದಕ್ಕನ ಹತ್ತಿರ ಇಟ್ಟು ಬಂದಳು.

"ಗಂಟಿಗೂ ಒಂದು ಟಿಕೀಟು ತಗಸಬೇಕೇನವ್ವಾ?" ಎಂದು ಚೇಷ್ಟೆ ಮಾಡಿದೆ. ಸುಶೀಲಾ ಸಣ್ಣಗೆ ನಕ್ಕಳು. ಅವ್ವ ನಗಲಿಲ್ಲ.

ಬುಧವಾರ ಸಂಜೆ ಸುಶೀಲೆಗೆ ಜ್ವರ ಬಂತು. ಗುರುವಾರ ಏರಿತು. ರೈಲಿನ ಮಾತೇ ಬಿಟ್ಟೆವು. ಶುಕ್ರವಾರ ಬೆಳಿಗ್ಗೆ ಅವಳಿಗೆ ನಮ್ಮ ಗುರುತು ಹತ್ತುತ್ತಿರಲಿಲ್ಲ. ಹನ್ನೆರಡರ ಸುಮಾರಿಗೆ ಮೈ ಒಮ್ಮೆಲೇ ತಣ್ಣಗಾಯಿತು. ಡಾಕ್ಟರರು ಒಂದು ಕೈಯ ನಾಡಿ ಹಿಡಿದು, ಅದನ್ನು ಬಿಟ್ಟು ಇನ್ನೊಂದು ಕೈ ಹಿಡಿದರು. ಬಹಳ ಹೊತ್ತು ಹುಡುಕಿದರು. ಸೂಜಿ ಚುಚ್ಚಿದರು. ಹೊರಗೆ ಕರೆದು, "ಸಂಜಿತನಕ ನೋಡೂಣರಿ" ಎಂದಷ್ಟೇ ಹೇಳಿದರು.

ಯಾವುದನ್ನೂ ನಂಬದ ನಾನು ಆಗ ಏನು ಮಾಡಿದೆ ಗೊತ್ತೇ? ಚಪ್ಪಲಿ ಸಹ ಮೆಟ್ಟದೆ ಗೋದಕ್ಕನ ಮನೆಗೆ ಓಡಿದೆ, ಆ ಗಂಟು ತರಲು. ಪ್ರಯಾಣ ಆರಂಭಿಸಿದ್ದೇ ತಪ್ಪಾಯಿತು, ವಾಪಸು ತಂದರೆ ಎಲ್ಲ ಸರಿಹೋದೀತು ಎಂದು ನನ್ನ ತಲೆಗೆ ಹೊಕ್ಕಿತ್ತು. ಅವ್ವ ಹಿಂದೆಯೇ ಬಂದು ರಟ್ಟೆ ಹಿಡಿದಳು.

"ಅದನ್ನ ಮುಟ್ಟಬ್ಯಾಡ" ಎಂದಳು. "ಹ್ವಾದದ್ದನ್ನ ಅರ್ಧಾ ದಾರ್ಯಾಗ ತರಬಾರದು. ತಾನ ಹೊಳ್ಳಿ ಬರ್ಲಿ."

ಅವಳ ಮುಖ ನೋಡಿ ನನಗೆ ಎದುರಾಡುವ ಧೈರ್ಯವಾಗಲಿಲ್ಲ. ಇಬ್ಬರೂ ಬಂದು ಹಾಸಿಗೆಯ ಪಕ್ಕ ಕೂತೆವು. ಮೂರೂವರೆ ತಾಸು ನಾನು ಅವಳ ಕೈ ಬಿಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಮಾತು ಅದರ ಮೇಲೆ ನಿಂತಿದೆ. ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಅವಳ ಹಣೆಯ ಮೇಲೆ ಬೆವರೊಡೆಯಿತು. ಕಣ್ಣು ಬಿಟ್ಟಳು. ಅವ್ವ ಗಂಜಿ ತರಲು ಎದ್ದಳು.

"ಬ್ಯಾಡರಿ, ಹೊಟ್ಟಿ ತುಂಬೇದ. ನೀರಷ್ಟ ಕೊಡ್ರಿ" ಎಂದಳು ಸುಶೀಲಾ. ಎರಡು ದಿನದಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಐದಾರು ದಿನ ಬಿಟ್ಟು ಅತ್ಯಾನ ಪತ್ರ ಬಂತು. ಆ ಪತ್ರ ಈಗಲೂ ನನ್ನ ಹತ್ತಿರ ಇದೆ.

"ಶುಕ್ರವಾರ ಮಧ್ಯಾಹ್ನ ಸುಶೀಲಾ ಬಂದು ಹೋದಳು. ಮೊದಲ ಒಂದು ಕಾರ್ಡರೆ ಹಾಕಬಾರದೇನೋ? ಮನಿಗೆಲ್ಲಾ ಸುಣ್ಣಾ ಹಚ್ಚಾಕತ್ತಿದ್ರು. ಸಾಮಾನೆಲ್ಲಾ ಅಂಗಳದಾಗಿತ್ತು. ಪಡಸಾಲ್ಯಾಗ ಎಲಿ ಹಾಕಿ ರೊಟ್ಟಿ, ಬದನಿಕಾಯಿ, ಕೆನಿಮಸರು ಬಡಿಸಿದೆ. ಹೊಟ್ಟಿತುಂಬ ಉಂಡಳು. ನೀ ಎಲ್ಲೆ ಅಂತ ಕೇಳಿದರ, ಹಿಂದಿಂದ ಬರತಾರ ಅಂದಳು. ಹಸರು ಇಳಕಲ್ ಸೀರಿ ಛಲೋ ಒಪ್ಪತದ ಆಕಿಗೆ, ಆದರ ಭಾಳ ಸೊರಗ್ಯಾಳ. ಇವತ್ತ ಇಲ್ಲೇ ಇರಲೇನರಿ ಅಂತ ತಾನ ಕೇಳಿದಳು. ನಾ ಎಂಥಾಕಿ ನೋಡು, ಇರು ಅನಲಿಲ್ಲ. ಒಬ್ಬರು ಅಡ್ಡಾಗಾಕ ಒಣಾ ಜಾಗಾ ಇದ್ದಿಲ್ಲ. ಉಡಿ ತುಂಬಿ, ಸೀದಾ ನಿನ್ನ ಮನಿಗೆ ಹೋಗವಾ, ದಾರಿ ನೋಡತಿರ್ತಾರ ಅಂತ ಹೇಳಿ ಕಳಿಸಿದೆ. ಆವಾಗ ಮೂರೂವರಿ ಆಗಿರಬೇಕು. ಅವತ್ತಿಂದ ಮನಸ್ಸಿಗೆ ಚುಚ್ಚಾಕತ್ತೈತಿ. ತಪ್ಪು ತಿಳಕೋಬ್ಯಾಡ."

ನಾವು ಬರುತ್ತೇವೆಂದು ಅತ್ಯಾನಿಗೆ ನಾನು ಕಾರ್ಡು ಬರೆದದ್ದು ನಿಜ. ಪತ್ರ ಓದಿದ ಮೇಲೆ ಕೋಟಿನ ಕಿಸೆ ನೋಡಿಕೊಂಡೆ. ಕಾರ್ಡು ಅಲ್ಲೇ ಇತ್ತು, ಅಂಚೆಗೆ ಹಾಕುವುದನ್ನು ಮರೆತಿದ್ದೆ. ಹಾಗಾದರೆ ಅತ್ಯಾನಿಗೆ ನಮ್ಮ ಯೋಜನೆಯೇ ಗೊತ್ತಿರಲಿಲ್ಲ. ಬೇರೆ ಯಾರನ್ನೋ ಸುಶೀಲಾ ಎಂದುಕೊಂಡಳೇ? ಗುರುತಿಲ್ಲದ ಹೆಂಗಸು ಬಂದು ಉಂಡು ಉಡಿ ತುಂಬಿಸಿಕೊಂಡು ಹೋಗುತ್ತಾಳೆಯೇ? ಆ ಸೀರೆಯ ಬಣ್ಣ ವಿಜಾಪುರದಲ್ಲಿ ಯಾರಿಗೆ ಗೊತ್ತು? ಎಲ್ಲ ಲೆಕ್ಕ ಹಾಕಿ ನೋಡಿದೆ, ಯಾವುದೂ ಕೂಡಿ ಬರಲಿಲ್ಲ. ಅವ್ವನಿಗೆ ಮಾತ್ರ ಪತ್ರ ಓದಿ ಹೇಳಿದೆ. ಅವಳು ಎದ್ದು, ಗೋದಕ್ಕನ ಮನೆಗೆ ಹೋಗಿ ಗಂಟು ತಂದಳು. ತಾನು ಹಾಕಿದ ಗಂಟು ಹಾಕಿದ ಹಾಗೇ ಇದೆ ಎಂದು ತೋರಿಸಿ, ಸೀರೆಯನ್ನು ಟ್ರಂಕಿನಲ್ಲಿಟ್ಟಳು. ಮಡಿಕೆ ಸಹ ಮುರಿದಿರಲಿಲ್ಲ.

ಅತ್ಯಾನಿಗೆ ಉತ್ತರ ಬರೆಯುವುದು ದೊಡ್ಡ ಕಷ್ಟವಾಯಿತು. ನಾಲ್ಕು ಹಾಳೆ ಹರಿದು ಹಾಕಿದೆ. ಕೊನೆಗೆ, "ನೀ ಆಕೀನ್ನ ಇಟ್ಟುಕೊಳ್ಳದಿದ್ದದ್ದ ಭಾಳ ಛಲೋ ಆತು" ಎಂದಷ್ಟೇ ಬರೆದು ಹಾಕಿದೆ. ಹೃದಯ ತುಂಬಿ ಬರೆದ ಮಾತು ಅದು. ಅತ್ಯಾ ಅದನ್ನು ಕುಹಕವೆಂದು ತಿಳಿದು ಎರಡು ವರ್ಷ ಪತ್ರ ಬರೆಯಲಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ಮದುವೆಯಲ್ಲಿ ಸಿಕ್ಕಳು. ಸಿಟ್ಟು ಇಳಿದಿರಲಿಲ್ಲ. "ಅಷ್ಟು ಚುಚ್ಚಿ ಬರೀತೀ ಅಲ್ಲೋ ನನಗ? ಅವತ್ತ ಸುಣ್ಣಾ ಹಚ್ಚಾಕತ್ತಿದ್ದಿಲ್ಲ ಅಂದ್ರ ಎಂಟು ದಿನಾ ಬಿಡತಿದ್ದಿಲ್ಲ ನಾ ಆಕೀನ್ನ" ಎಂದಳು. ಅಷ್ಟರಲ್ಲಿ ಸುಶೀಲಾ ಬಂದು ಅವಳಿಗೆ ನಮಸ್ಕಾರ ಮಾಡಿದಳು. ಅತ್ಯಾ ಅವಳ ಎರಡೂ ಕೈ ಹಿಡಿದುಕೊಂಡು, "ಈ ಸಲ ಬಂದರ ಇರಬೇಕ ನೋಡವಾ. ಹ್ವಾದ ಸಲದಂಗ ಕಳಸೂದಿಲ್ಲ" ಎಂದಳು. ಸುಶೀಲಾ ಏನೂ ತಿಳಿಯದೆ ನನ್ನ ಮುಖ ನೋಡಿದಳು. ಹಿರಿಯರ ಮಾತಿಗೆ ಇಲ್ಲ ಅನ್ನಬಾರದೆಂದು, "ಆಗಲಿರಿ, ಬರತೇನಿ" ಎಂದುಬಿಟ್ಟಳು. ರೈಲಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ನಾನು ಅವಳನ್ನು ಊಟದ ಪಂಕ್ತಿಯಿಂದಲೇ ಎಬ್ಬಿಸಿಕೊಂಡು ಬಂದೆ.

ಆ ಶುಕ್ರವಾರ ಏನಾಯಿತೆಂದು ನನಗೆ ಇಂದಿಗೂ ತಿಳಿದಿಲ್ಲ. ಪತ್ರದ ವಿಷಯ ಸುಶೀಲೆಗೆ ಹೇಳಿಲ್ಲ. ಅತ್ಯಾ ಆಮೇಲೆ ಎಷ್ಟೋ ಸಲ ಕರೆದಳು, ಪ್ರತಿ ಸಲವೂ ಒಂದು ನೆವ ಹುಡುಕಿ ತಪ್ಪಿಸಿದೆ. ಗಂಡ ಜಿಪುಣ, ನಾಲ್ಕು ದುಡ್ಡು ಖರ್ಚಾದೀತೆಂದು ವಿಜಾಪುರ ತೋರಿಸಲಿಲ್ಲ ಎಂದು ಸುಶೀಲಾ ಇವತ್ತಿಗೂ ಬಂದವರೆದುರು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.