ಸೊಸೆಯ ಕೇಕು, ಖಾತೂನ್ ಬೀಯ ಗದ್ದಲ

ಅತ್ತೆ ಸೊಸೆಯನ್ನು ಬೈಯುವುದನ್ನು ಚಳ್ಳಕೆರೆಯಲ್ಲಿ ಯಾರು ಕೇಳಿಲ್ಲ ಹೇಳಿ? ಆದರೆ ಸೊಸೆ ಕೇಕಿನ ಮೇಲೆ ಹೂ ಬಿಡಿಸುವಾಗ ಬೆನ್ನ ಹಿಂದೆ ನಿಂತು ತಟ್ಟೆ ಬಡಿಯುವ ಅತ್ತೆಯೆಂದರೆ ಖಾತೂನ್ ಬೀ ಒಬ್ಬಳೇ. ಮುದುಕಿಗೆ ಟಿ.ವಿ. ಹುಚ್ಚು ಹಿಡಿದಿದೆ ಎಂದು ಎಣ್ಣೆ ಮಿಲ್ಲಿನ ಹಿಂದಿನ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಪಾಪಕ್ಕನಂತೂ ಗೋಡೆಯಾಚೆಯಿಂದಲೇ ಕೇಳುತ್ತಿದ್ದಳು.

"ಖಾತೂನಮ್ಮ, ಆ ಹುಡುಗಿ ಕೈ ನಡುಗ್ಸಿ ಕೊಲ್ತೀರೇನು?"

"ನಡುಗ್ದೆ ಇರ್ಲಿ ಅಂತಾನೇ ಬಡಿಯಾದು ಕಣವ್ವ. ನೀನೂ ಒಂದು ತಟ್ಟೆ ತಗಂಡು ಬಾ."

ಸೊಸೆ ಮೆಹಜಬೀನ್ ಊರಿನ ಬೇಕರಿಗಳಿಗೆ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸಿಕೊಡುತ್ತಿದ್ದಳು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಒಂದು ಟಿ.ವಿ. ಚಾನೆಲ್ಲಿನವರು ಕೇಕ್ ಅಲಂಕಾರದ ಸ್ಪರ್ಧೆಗೆ ಆಳು ಹುಡುಕುತ್ತ ಚಿತ್ರದುರ್ಗಕ್ಕೆ ಬಂದರು. ಅವಳ ಗುಲಾಬಿ ಮೆಚ್ಚಿ ಬೆಂಗಳೂರಿಗೆ ಕರೆದರೇನೋ ನಿಜ. ಆದರೆ ಆ ಆಯ್ಕೆಯ ದಿನವೇ ಕ್ಯಾಮೆರಾದ ಬೆಳಕಿನಲ್ಲಿ, ಹಿಂದೆ ಯಾರೋ ಕೆಮ್ಮಿದ್ದಕ್ಕೆ ಬೆಚ್ಚಿ ತಿರುಗಿದವಳು ಅರಳಿದ ಹೂವನ್ನು ತಾನೇ ಹೊಸಕಿಬಿಟ್ಟಿದ್ದಳು. ಬೆಂಗಳೂರಿನಲ್ಲಿ ಹೀಗಾದರೆ ಅಲ್ಲಿಂದಲೇ ವಾಪಸು ಎಂದು ಹೇಳಿ ಕಳಿಸಿದ್ದರು.

ಗಂಡ ಅಫ್ಸರ್ ಮೆಕ್ಯಾನಿಕ್. ಹಳೇ ಲಾರಿಯ ಬೇರಿಂಗಿನ ಮೇಲೆ ತಗಡು ಕೂರಿಸಿ, ಕೇಕು ತಿರುಗಿಸಲು ಮಣೆ ಮಾಡಿಕೊಟ್ಟ. ಗದ್ದಲದ ಹೊಣೆ ಖಾತೂನ್ ಬೀಯದು. ಮನೆಯಲ್ಲಿ ಆಡುವುದು ಉರ್ದು. ಅಭ್ಯಾಸಕ್ಕೆ ಕೂತರೆ ಮಾತ್ರ ಕನ್ನಡ. ಟಿ.ವಿ.ಯವರು ಕೇಳುವುದು ಕನ್ನಡದಲ್ಲೇ ಅಲ್ಲವೇ? ಸಂತೆಯಲ್ಲಿ ಬಳೆ ಮಾರಿ ಕಲಿತ ಕನ್ನಡದಲ್ಲಿ ಮುದುಕಿ ಕಾಡುತ್ತಿದ್ದಳು.

"ಮೇಡಂ, ನಿಮ್ ಗುಲಾಬಿ ಯಾಕೆ ಎಲೆಕೋಸಿನಂಗೆ ಐತೆ?"

ಹಾಲು ಉಕ್ಕಿತು ಎನ್ನುವಳು, ನೆಂಟರು ಬಂದರು ಎನ್ನುವಳು, ಅಯ್ಯೋ ಬಿದ್ದೆ ಎಂದು ನೆಲಕ್ಕೆ ಉರುಳಿಯೂ ಬಿಡುವಳು. ಮೊದಮೊದಲು ಮೆಹಜಬೀನ್ ತಿರುಗಿ ಬೈಸಿಕೊಂಡಳು. ಬರಬರುತ್ತ ಕತ್ತು ಅಲುಗದಾಯಿತು, ಕೈ ಹದಕ್ಕೆ ಬಂತು. ತಿರುಗದ ದಿನ ಅತ್ತೆಯೇ ಚಹಾ ಕಾಸಿ ಸೊಸೆಯ ಕೈಗಿಡುತ್ತಿದ್ದಳು.

ಬೆಂಗಳೂರಿಗೆ ಹೊರಡಲು ಒಂದೇ ದಿನ ಉಳಿದಿತ್ತು. ಉರಿಬಿಸಿಲಿನ ಮಧ್ಯಾಹ್ನ ಮೆಹಜಬೀನ್ ಕೊನೆಯ ಗುಲಾಬಿ ಬಿಡಿಸುತ್ತಿದ್ದಳು. ಬಡಿಯುತ್ತಿದ್ದ ತಟ್ಟೆ ಸುಮ್ಮನಾಯಿತು. ಹಿಂದಿನಿಂದ ಸಣ್ಣ ದನಿ ಬಂತು.

"ಬೇಟೀ, ಪಾನೀ."

ನೀರು ಕೇಳುವುದೊಂದು ಹೊಸ ಆಟ ಎಂದುಕೊಂಡು ಒಳಗೊಳಗೇ ನಕ್ಕಳು. ದನಿ ಇನ್ನೊಮ್ಮೆ ಕೇಳಿತು. ತಿರುಗಲಿಲ್ಲ. ಎಸಳಿನ ಮೇಲೆ ಎಸಳು ಕೂರಿಸಿ, ಹೂ ಮುಗಿಸಿ, ಅಮ್ಮೀ ಇವತ್ತೂ ನಾನೇ ಗೆದ್ದೆ ಎನ್ನುತ್ತ ತಿರುಗಿದರೆ ಖಾತೂನ್ ಬೀ ಗೋಡೆಗೆ ಒರಗಿದ್ದಳು. ತಟ್ಟೆ ಮಡಿಲಲ್ಲಿತ್ತು. ತುಟಿಗಿಟ್ಟ ನೀರು ಒಳಗಿಳಿಯದೆ ಕತ್ತಿನ ಮೇಲೆ ಹರಿಯಿತು.

ಡಾಕ್ಟರು ಹೃದಯ ನಿಂತುಹೋಗಿದೆ ಎಂದರು. ಕೂಡಲೇ ನೋಡಿದ್ದರೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಪಾಪಕ್ಕ ಅದನ್ನೇ ಹೇಳಿ ಹೇಳಿ ಸಮಾಧಾನ ಮಾಡಿದಳು.

"ಉಳೀತಿರ್ಲಿಲ್ಲ ಅಂತಾನೇ ಇಟ್ಕಳ್ರಿ ಪಾಪಕ್ಕ," ಎಂದಳು ಮೆಹಜಬೀನ್. "ಅಭ್ಯಾಸದಾಗೆ ಅಮ್ಮೀ ಯಾವತ್ತೂ ಉರ್ದು ಆಡಿದೋರಲ್ಲ. ನಂಗೆ ತಿಳೀಬೇಕಿತ್ತು. ಒಂದು ಗುಟುಕು ನೀರು ಕೇಳಿದ್ರು."

ಮರುದಿನ ಬೆಳಿಗ್ಗೆ, ಅವಳು ಹತ್ತಬೇಕಿದ್ದ ಬೆಂಗಳೂರು ಬಸ್ಸಿನ ಹೊತ್ತಿಗೇ ಅಫ್ಸರ್ ಮತ್ತು ಓಣಿಯ ಗಂಡಸರು ಜನಾಜಾಕ್ಕೆ ಹೆಗಲು ಕೊಟ್ಟರು. ಖಾತೂನ್ ಬೀ ಹೊಸ್ತಿಲು ದಾಟಿದಳು. ಹೆಂಗಸರು ಹಿಂದೆ ಹೋಗುವ ಹಾಗಿರಲಿಲ್ಲ. ಮೆಹಜಬೀನ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಯಾರೋ ಬಿಕ್ಕಿದರು, ಏನೋ ಬಿದ್ದು ಸದ್ದಾಯಿತು, ಒಳಗೆ ಬಾ ಮಗಳೇ ಎಂದು ಪಾಪಕ್ಕ ಕರೆದಳು. ಹೆಗಲುಗಳ ಮೇಲಿನ ಹಸಿರು ಹೊದಿಕೆ ಮಿಲ್ಲಿನ ಗೋಡೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ತಿರುಗಲಿಲ್ಲ.