ಕುಕ್ಕರಿನಿಂದ ಬಂದ ಸೇನಾಪತಿ

ಪಾಣೆಮಂಗಳೂರಿನಲ್ಲಿ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಗಣಿತದ ಟೀಚರ್ ನಮಗೆ ಏನನ್ನೂ ಎಸೆಯಲು ಬಿಡುತ್ತಿರಲಿಲ್ಲ. ಮುಗಿದ ಪೆನ್ನನ್ನು ಬೆಳಕಿಗೆ ಹಿಡಿದು, "ಬಿಸಾಡ್ಬೇಡಿ, ಇದರೊಳಗೆ ಒಬ್ಬ ಇದ್ದಾನೆ" ಎನ್ನುತ್ತಿದ್ದರು. ಮರುದಿನ ಅದು ಪೇಸ್ಟಿನ ಮುಚ್ಚಳದ ಶಿರಸ್ತ್ರಾಣ ತೊಟ್ಟು, ಸ್ಪ್ರಿಂಗಿನ ಕೈ ಚಾಚಿ, ಯಾವುದೋ ದೂರದ ಗ್ರಹದ ಸೈನಿಕನಾಗಿ ಅವರ ಊಟದ ಮೇಜಿನ ಮೇಲೆ ನಿಂತಿರುತ್ತಿತ್ತು. ಆ ಸೈನ್ಯಕ್ಕೆ ಕುಕ್ಕರಿನ ವೇಟೇ ಸೇನಾಪತಿ. ಅಡುಗೆಯ ಹೊತ್ತಿಗೆ ಮಾತ್ರ ಅವನಿಗೆ ಯುದ್ಧದಿಂದ ರಜೆ.

ದುಬೈಯಿಂದ ಊರಿಗೆ ಬಂದ ಅವರ ತಮ್ಮ, ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಸೈನ್ಯವನ್ನು ಎದುರಿಗೆ ನಿಲ್ಲಿಸಿ, ದಾಳ ಹಾಕಿ ಆಡುವ ಯುದ್ಧಕ್ಕೆ ಕರೆದ.

"ಸೋತರೆ ನಿನ್ನದೆಲ್ಲ ಗುಜರಿಗೆ, ಅಕ್ಕ."

ದಾಳ ಅವನ ಕಡೆಗೇ ಬೀಳುತ್ತಿತ್ತು. ಟೀಚರ್ ಕಡೆಯ ಸೈನಿಕರೆಲ್ಲ ಉರುಳಿದರು.

"ಎಲ್ಲಿ ನಿನ್ನ ಸೇನಾಪತಿ?"

"ಕಡಲೆ ಬೇಯಲಿ ಮಾರಾಯ, ಬರ್ತಾನೆ."

ಒಳಗೆ ಕುಕ್ಕರ್ ಕೂಗಿತು. ಸ್ವಲ್ಪ ಹೊತ್ತಿಗೆ ಟೀಚರ್ ಬಿಸಿ ವೇಟನ್ನು ಬಟ್ಟೆಯಲ್ಲಿ ಹಿಡಿದು ತಂದು, ಶತ್ರು ನಾಯಕನ ಕಾಲಿಗೆ ತಾಗಿಸಿ ಇಟ್ಟರು. ದಾಳ ಉರುಳುವ ಮೊದಲೇ ಪ್ಲಾಸ್ಟಿಕ್ ಮೊಣಕಾಲು ಮೆತ್ತಗಾಗಿ, ನಾಯಕ ನಿಧಾನವಾಗಿ ಬಾಗಿದ.

"ಇದು ರೂಲಲ್ಲಿ ಇಲ್ಲ" ಎಂದು ಗೊಣಗಿ ತಮ್ಮ ಆ ಸೊಟ್ಟ ನಾಯಕನನ್ನು ಕಸದ ಬುಟ್ಟಿಗೆ ಎಸೆಯಹೊರಟ. ಟೀಚರ್ ಅವನ ಕೈ ಹಿಡಿದರು.

"ಬಿಸಾಡ್ಬೇಡ, ಇದರೊಳಗೆ ಒಬ್ಬ ಇದ್ದಾನೆ."

ಮರುದಿನದಿಂದ ಅವನು ಟೀಚರ್ ಸೈನ್ಯದಲ್ಲೇ, ಕುಕ್ಕರಿನ ವೇಟಿಗೆ ತಲೆಬಾಗಿ ನಿಂತಿದ್ದ.