ಗಟಾರದ ಕೊನೆಯ ಮನೆ

ಬೈಲಹೊಂಗಲದ ನಮ್ಮ ಓಣಿ ಇಳಿಜಾರಿನದು, ನಮ್ಮದು ಕೊನೆಯ ಮನೆ. ಮುಂಜಾನೆ ಪ್ರತಿ ಮನೆಯವರೂ ಬಾಗಿಲ ಮುಂದಿನ ಗಟಾರಕ್ಕೆ ಒಂದು ಕೊಡ ನೀರು ಸುರಿದು, ರಾಡಿಯನ್ನು ಕಸಬರಿಗೆಯಿಂದ ಕೆಳಗಿನ ಮನೆಯತ್ತ ನೂಕುತ್ತಿದ್ದರು. ಅವರ ಸ್ವಚ್ಛತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಯಾಚೆ ಗಟಾರ ಕಟ್ಟಿರಲೇ ಇಲ್ಲ. ಇಡೀ ಓಣಿಯ ರಾಡಿ ನಮ್ಮ ಹೊಸ್ತಿಲ ಮುಂದೆ ನಿಲ್ಲುತ್ತಿತ್ತು, ಅದನ್ನು ಸಲಿಕೆಯಿಂದ ಬುಟ್ಟಿಗೆ ತುಂಬುವುದು ಅವ್ವನ ಪಾಲಿಗೆ ಬಂದಿತ್ತು.

ಬೆನ್ನುನೋವು ನೋಡಿ, ಬಗ್ಗಬಾರದು ಎಂದು ಡಾಕ್ಟರು ಹೇಳಿದ ಮೇಲೂ ಅವಳು ಬಗ್ಗುತ್ತಿದ್ದಳು. ನಾನು ಬೆಳಗಿನ ಬಸ್ಸಿಗೆ ಸವದತ್ತಿಯ ಶಾಲೆಗೆ ಇಂಗ್ಲಿಷ್ ಕಲಿಸಲು ಓಡುತ್ತಿದ್ದೆ. ಭಾನುವಾರ ಮಾತ್ರ ಸಲಿಕೆ ನನ್ನ ಕೈಗೆ. ಒಮ್ಮೆ ತಡೆಯಲಾರದೆ ಮೇಲಿನ ಮನೆಯ ಕಾಕುವಿಗೆ, "ಒಂದ್ ಬುಟ್ಟಿ ನೀವೂ ಎತ್ತರಿ" ಎಂದೆ.

"ನೀರು ಇಳಕಲಿಗೇ ಹರಿತೈತವಾ. ನಾವೇನ್ ಮಾಡೂಣು?" ಎಂದು ಕಾಕು ಒಳಗೆ ಹೋದರು. ಮೈಯೆಲ್ಲ ಉರಿಯಿತು.

ಒಂದು ಪಾಠದಲ್ಲಿ 'ಗಟರ್' ಎಂಬ ಪದ ಬಂತು. ಅರ್ಥ ಕೇಳಿದರೆ ಇಡೀ ತರಗತಿ "ಗಟಾರ ರೀ" ಎಂದು ಕೂಗಿತು. ನಮ್ಮ ಗಟಾರ ಇಂಗ್ಲಿಷಿನದು, ಮರಾಠಿ ದಾಟಿ ನಮ್ಮ ಕಡೆ ಬಂದಿರಬೇಕು. ಸಂಜೆ ಮನೆಯಲ್ಲಿ ನಿಘಂಟು ತೆಗೆದೆ. ಮೂಲ ಲ್ಯಾಟಿನ್ನಿನಲ್ಲಂತೆ, ಅರ್ಥ ಬರೀ ಹನಿ. ಆಮೇಲೆ ಸೂರಿನ ನೀರು ಹಿಡಿಯುವ ಕಾಲುವೆ, ಆಮೇಲೆ ಬೀದಿಯ ಕೊಳಚೆ. ಮೇಣದಬತ್ತಿ ಒಂದು ಬದಿಗೆ ಕರಗಿ ಸೋರಿಹೋಗುವುದಕ್ಕೂ ಅದೇ ಮಾತು. ಅಲ್ಲಿಗೆ ನಿಘಂಟು ಮುಚ್ಚಿಬಿಟ್ಟೆ. ಅವ್ವ ಗೋಡೆ ಹಿಡಿದು ಹಿತ್ತಲಿನಿಂದ ಬರುತ್ತಿದ್ದಳು. ಅರ್ಥ ತಿಳಿದು ಯಾರಿಗೇನು ಆಗಬೇಕಿತ್ತು?

ಎಷ್ಟೋ ವರ್ಷ ಕಳೆದು, ಎರಡು ಸಾವಿರದ ಇಸವಿಯ ಈಚೆಗೆ, ಗಟಾರವನ್ನು ಹಳ್ಳದವರೆಗೆ ಒಯ್ದು ಮೇಲೆ ಚಪ್ಪಡಿ ಹಾಸಿದರು. ಮರುದಿನ ಅವ್ವ ರೂಢಿಯಂತೆ ಸಲಿಕೆ ಹಿಡಿದು ಹೊರಗೆ ಬಂದಳು. ಎತ್ತಲು ಏನೂ ಇರಲಿಲ್ಲ. ಸಲಿಕೆ ಗೋಡೆಗೆ ಆನಿಸಿ ಚಪ್ಪಡಿಯ ಮೇಲೆ ಕುಳಿತಳು. ಆ ಹೊತ್ತಿನಲ್ಲಿ ಅವಳು ಕುಳಿತದ್ದನ್ನು ನಾನು ಕಂಡಿರಲೇ ಇಲ್ಲ.

ಕಾಕು ಇಳಿದು ಬಂದರು. "ಅಂತೂ ನಮ್ಮ ಗಟಾರದ ಕಾಟ ತಪ್ಪಿತ್ ನೋಡ್ರಿ ಅಕ್ಕಾರ."

ನಮ್ಮ! ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ಆಡಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಅವ್ವ ಸರಿದು ಜಾಗ ಮಾಡಿ, "ಬರ್ರಿ ವೈನಿ, ಕುಂದರ್ರಿ" ಎಂದಳು. ಇಬ್ಬರೂ ಬಿಸಿಲೇರುವವರೆಗೆ ಹರಟಿದರು.

ಕಾಕು ಎದ್ದು ಸರಸರ ಮನೆಗೆ ನಡೆದರು. ಅವ್ವನೂ ಎದ್ದಳು, ಬೆನ್ನು ಮಾತ್ರ ಅರ್ಧಕ್ಕೇ ನಿಂತಿತು. ಸಲಿಕೆಯ ಕೆಲಸ ಮುಗಿದಿತ್ತು. ಬಾಗಿದ ಬೆನ್ನು ಕೊನೆಗೂ ನೆಟ್ಟಗಾಗಲಿಲ್ಲ.